‘ಅಣಕು ಕಾರ್ಯಾಚರಣೆ’ಗೆ ಬದಲು ‘ತಾಲೀಮು’ ಆದೀತೇ?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಸುರಕ್ಷತಾ ಸಮಿತಿಯಲ್ಲಿದ್ದೇನೆ. ಬೆಂಕಿ ಬಿದ್ದರೆ ಏನು ಮಾಡಬೇಕು ಎಂಬ ಸೂಚನೆಗಳನ್ನು ಕನ್ನಡದಲ್ಲಿ ಹೊಸದಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಓದುವವರು ಹೊಲಿಗೆ ಮೆಷಿನ್ ಮುಂದೆ ಕೂರುವ ಹೆಣ್ಣುಮಕ್ಕಳು, ಏಳನೆಯದೋ ಹತ್ತನೆಯದೋ ಓದಿದವರು. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಮಾಕ್ ಡ್ರಿಲ್‌ಗೆ ಪತ್ರಿಕೆಗಳು ‘ಅಣಕು ಕಾರ್ಯಾಚರಣೆ’, ‘ಅಣಕು ಪ್ರದರ್ಶನ’ ಎಂದು ಬರೆಯುತ್ತವೆ. ‘ಅಣಕು ಮತದಾನ’ವೂ ಇದೇ ಜಾಡಿನದು. ನಿಜದ್ದಲ್ಲ, ಅದರ ನಕಲು ಎಂಬಷ್ಟು ಅರ್ಥ ಹೊರಡುತ್ತದೆ, ಒಪ್ಪುತ್ತೇನೆ. ಆದರೆ ಅಣಕಿಸು, ಅಣಕವಾಡು ಎಂದಾಗ ಕಿವಿಗೆ ಮೊದಲು ಬೀಳುವುದು ಗೇಲಿ. ಹೋದ ಸಲದ ನೋಟೀಸಿನಲ್ಲಿ ಇದೇ ಪದ ಹಾಕಿದ್ದೆವು. ಸೈರನ್ ಕೂಗಿದಾಗ ಹಲವರು ನಗುತ್ತ, ಕೈಯಲ್ಲಿದ್ದ ಕಾಲರ್ ಹೊಲಿದು ಮುಗಿಸಿ, ಬ್ಯಾಗ್ ಹುಡುಕಿಕೊಂಡು ಎದ್ದರು. ‘ಅಣಕು ಅಂತ ಬರ್ದಿದ್ರಲ್ಲ ಮೇಡಂ, ತಮಾಷೆಗೆ ಅಂದ್ಕೊಂಡ್ವಿ’ ಎಂದರು. ಅವರ ತಪ್ಪಲ್ಲ, ಪದ ಹೇಳಿದ್ದನ್ನೇ ಅವರು ಕೇಳಿಸಿಕೊಂಡದ್ದು.

2010ರ ಫೆಬ್ರುವರಿ 23ರಂದು ನಮ್ಮದೇ ಊರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರು ಅವರಲ್ಲಿದ್ದರು. ಅಂಥ ಹೊತ್ತಿನಲ್ಲಿ ತಲೆ ಓಡುವುದಿಲ್ಲ. ಕಾಲು ತಾನಾಗಿ ಮೆಟ್ಟಿಲ ಕಡೆ ತಿರುಗಬೇಕು. ಕಾಲಿಗೆ ಅದನ್ನು ರೂಢಿ ಮಾಡಿಸುವ ಕೆಲಸವನ್ನು ‘ಅಣಕು’ ಎನ್ನಲು ನನಗೆ ಮನಸ್ಸು ಬರುತ್ತಿಲ್ಲ.

‘ಪೂರ್ವಾಭ್ಯಾಸ’ ಭಾರ. ‘ಕವಾಯತು’ ಎಂದರೆ ಪೊಲೀಸ್ ಮೈದಾನ ನೆನಪಾಗುತ್ತದೆ. ‘ಅಭ್ಯಾಸ’ ಒಳ್ಳೆಯ ಪದ: ಮತ್ತೆ ಮತ್ತೆ ಮಾಡುವುದೂ ಅಭ್ಯಾಸ, ಮಾಡಿ ಮಾಡಿ ಮೈಗೂಡಿದ್ದೂ ಅಭ್ಯಾಸ. 2025ರ ಮೇ 7ರ ನಾಗರಿಕ ರಕ್ಷಣಾ ಡ್ರಿಲ್‌ಗೆ ‘ಆಪರೇಷನ್ ಅಭ್ಯಾಸ್’ ಎಂದೇ ಹೆಸರಿಟ್ಟಿದ್ದರು. ಆದರೂ ‘ಬೆಂಕಿ ಅಭ್ಯಾಸ’ ಎಂದು ಬೋರ್ಡಿನಲ್ಲಿ ಬರೆದು ನೋಡಿದರೆ ಏನೋ ಸರಿಹೋಗುವುದಿಲ್ಲ.

ನನಗೆ ಹಿಡಿಸಿರುವುದು ‘ತಾಲೀಮು’. ಮೈಸೂರು ದಸರಾಕ್ಕೆ ಮುಂಚೆ ಆನೆಗಳಿಗೆ ಮರಳಿನ ಮೂಟೆ ಹೊರಿಸಿ ನಡೆಸುತ್ತಾರೆ. ಆನೆ, ಕುದುರೆಗಳು ಕುಶಾಲತೋಪಿನ ಸದ್ದಿಗೆ ಬೆದರದಿರಲಿ ಎಂದು ಅವುಗಳ ಎದುರಿಗೇ ಫಿರಂಗಿ ಸಿಡಿಸುತ್ತಾರೆ. ಅದಕ್ಕೆ ಎಲ್ಲರೂ ಅನ್ನುವುದು ತಾಲೀಮು ಎಂದೇ. ದೊಡ್ಡ ಸದ್ದಾದಾಗ ಗಾಬರಿಯಾಗದೆ ಹೇಳಿದ ದಾರಿಯಲ್ಲಿ ನಡೆಯುವುದು: ನಮಗೆ ಬೇಕಾದದ್ದೂ ಅಷ್ಟೇ. ಅರಬ್ಬಿ ಮೂಲದ ಪದವೆಂಬ ತಕರಾರು ನನಗಿಲ್ಲ, ಗರಡಿಯಲ್ಲಿ ಅದು ಎಂದೋ ಕನ್ನಡವಾಗಿದೆ.

ಅನುಮಾನ ಇರುವುದು ಇಲ್ಲಿ. ತಾಲೀಮು ಎಂದರೆ ಕುಸ್ತಿ, ಕಸರತ್ತು ಎಂದೇ ಬಳಸುವ ಕಡೆಯವರಿಗೆ ‘ಬೆಂಕಿ ತಾಲೀಮು’ ಎಂದರೆ ಬೆಂಕಿ ಹಿಡಿದು ಮಾಡುವ ಕಸರತ್ತು ಅನ್ನಿಸೀತೇ? ಹಾಗಿದ್ದರೆ ‘ಪಾರಾಗುವ ತಾಲೀಮು’ ಎನ್ನಬಹುದೇ? ಬೆಳಗಾವಿ, ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಹೇಳಬೇಕು.

ಜೊತೆಗೇ ಇನ್ನೊಂದು. ಬಾಗಿಲ ಮೇಲಿನ ‘ತುರ್ತು ನಿರ್ಗಮನ’ವನ್ನು ಬರೀ ‘ತುರ್ತು ಬಾಗಿಲು’ ಮಾಡಿದರೆ ಏನಾದರೂ ಕಳೆದುಹೋಗುತ್ತದೆಯೇ? ಕೆಳಗೆ ‘ಬೀಗ ಹಾಕಬೇಡಿ, ಬಂಡಲ್ ಇಡಬೇಡಿ’ ಎಂದು ಹೇಗೂ ಸೇರಿಸುತ್ತೇನೆ. ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಸೂಚನೆಯಲ್ಲಿದ್ದ ‘ಜ್ವಾಲೆಯ ತಳಭಾಗಕ್ಕೆ ಗುರಿಯಿರಿಸಿ’ ಎಂಬುದನ್ನು ಯಾರನ್ನೂ ಕೇಳದೆ ‘ಬೆಂಕಿಯ ಬುಡಕ್ಕೆ ಹಿಡಿಯಿರಿ’ ಎಂದು ಬದಲಿಸಿದ್ದೇನೆ.

ಏಪ್ರಿಲ್ 14ಕ್ಕೆ ಅಗ್ನಿಶಾಮಕ ಸಪ್ತಾಹ ಶುರುವಾಗುತ್ತದೆ. ಅದಕ್ಕೆ ಒಂದು ವಾರ ಮುಂಚೆ ಬೋರ್ಡು ಬರೆಯುವವರ ಕೈಗೆ ಪದಗಳನ್ನು ಕೊಡಬೇಕಾಗಿದೆ.