‘ಕಮಾಡಿಟಿ ಸಬ್ಸಿಡಿ’ಗೆ ‘ಸರಕು ಸಹಾಯಧನ’ ಸರಿಯೇ?

ಪ್ರಶ್ನೆ: ಅಮೆರಿಕದ ಅಯೋವಾದ ಗ್ರಾಮೀಣ ಕೌಂಟಿಯೊಂದರ ರೈತರಿಗೆ ಸಂದ ‘ಕಮಾಡಿಟಿ ಸಬ್ಸಿಡಿ’ ಕುರಿತ ಬರಹದ ಅನುವಾದದಲ್ಲಿ ‘ಸರಕು ಸಹಾಯಧನ’ ಎಂದಿದೆ. ‘ಬೇಸ್ ಏಕರ್’ಗೆ ‘ಬಿತ್ತನೆ ಪ್ರದೇಶ’, ‘ರೆಫರೆನ್ಸ್ ಪ್ರೈಸ್’ಗೆ ‘ಬೆಂಬಲ ಬೆಲೆ’, ಕೌಂಟಿಗೆ ‘ಜಿಲ್ಲೆ’ ಎಂದು ಹಾಕಿದ್ದಾರೆ. ಇವು ನಿಲ್ಲುತ್ತವೆಯೇ?

ಉತ್ತರ: ಮೊದಲ ಮೂರು ನಿಲ್ಲುವುದಿಲ್ಲ. ನಾಲ್ಕನೆಯದು ಕುಂಟುತ್ತದೆ.

‘ಸರಕು’ ಎಂದೊಡನೆ ನಮಗೆ ಲಾರಿ ನೆನಪಾಗುತ್ತದೆ. ಇಲ್ಲಿ ಕಮಾಡಿಟಿ ಎಂದರೆ ಅಮೆರಿಕದ ಕೃಷಿ ಕಾಯ್ದೆಯ ಪಟ್ಟಿಯಲ್ಲಿರುವ ಬೆಳೆ: ಮೆಕ್ಕೆಜೋಳ, ಸೋಯಾ, ಗೋಧಿ, ಭತ್ತ, ಶೇಂಗಾ ಮುಂತಾದವು. ಹಣ್ಣು, ತರಕಾರಿ ಅದರಲ್ಲಿಲ್ಲ. ಬೆಳೆ ವಿಮೆಯಲ್ಲಿ ರೂಢಿಯಾಗಿರುವ ‘ಅಧಿಸೂಚಿತ ಬೆಳೆ’ ಹೊಂದುತ್ತದೆ. ಅಂದಹಾಗೆ, ಕಾರ್ನ್ ಅನ್ನು ಬರೀ ‘ಜೋಳ’ ಎನ್ನಬೇಡಿ. ನಮ್ಮ ರೊಟ್ಟಿಯ ಜೋಳವೂ ಅದೇ ಪಟ್ಟಿಯಲ್ಲಿದೆ, ಅದರ ದರ ಬೇರೆ.

‘ಸಹಾಯಧನ’ ಎಂದರೆ ರೈತರ ಬಾಯಲ್ಲಿ ಹನಿ ನೀರಾವರಿ ಪೈಪನ್ನೋ ಟಿಲ್ಲರನ್ನೋ ಕೊಳ್ಳುವಾಗ ಸರ್ಕಾರ ಹೊರುವ ಪಾಲು. ‘ಪರಿಹಾರ’ ಬರ, ನೆರೆಗೆ ಸಲ್ಲುವ ಮಾತು. ಇದಾದರೋ ದರ ಕುಸಿದಾಗ ಬರುವ ಹಣ. 2017ರಲ್ಲಿ ಮಧ್ಯಪ್ರದೇಶದ ಭಾವಾಂತರ ಯೋಜನೆ ಕೊಟ್ಟದ್ದೂ ಇದೇ ಬಗೆಯದು. ಹಾಗಾಗಿ ‘ಬೆಲೆ ವ್ಯತ್ಯಾಸ ಪಾವತಿ’ ಎನ್ನಬಹುದು.

ಒಂದು ಭೇದವಿದೆ. ಭಾವಾಂತರದ ಹಣ ಮಂಡಿಯಲ್ಲಿ ಮಾರಿದ ಕ್ವಿಂಟಲ್ ಲೆಕ್ಕಕ್ಕೆ ಬರುತ್ತಿತ್ತು. ಅಮೆರಿಕದಲ್ಲಿ ಅದು ಬೇಸ್ ಏಕರ್ ಲೆಕ್ಕಕ್ಕೆ, ಅಂದರೆ ಹಿಂದಿನ ವರ್ಷಗಳ ಬಿತ್ತನೆ ನೋಡಿ ಜಮೀನಿನ ದಾಖಲೆಯಲ್ಲಿ ನಿಲ್ಲಿಸಿದ ಎಕರೆಗೆ. ಮೆಕ್ಕೆಜೋಳದ ಬೇಸ್ ಇರುವ ನೆಲದಲ್ಲಿ ಈ ವರ್ಷ ಸೋಯಾ ಬಿತ್ತಿದರೂ ಮೆಕ್ಕೆಜೋಳದ ಹಣವೇ ಬರುತ್ತದೆ. ‘ಬಿತ್ತನೆ ಪ್ರದೇಶ’ ಎಂದರೆ ಅರ್ಥ ತಲೆಕೆಳಗು. ‘ದಾಖಲೆ ಎಕರೆ’ ಎನ್ನಿ.

2016ರ ಮೆಕ್ಕೆಜೋಳದ ಲೆಕ್ಕ ನೋಡಿ. ಕಾಯ್ದೆಯ ದರ, ಅಂದರೆ ರೆಫರೆನ್ಸ್ ಪ್ರೈಸ್, ಬುಶೆಲ್‌ಗೆ (ಅಲ್ಲಿನ ಕಾಳಿನ ಅಳತೆ) 3.70 ಡಾಲರ್, ದೇಶದ ಸರಾಸರಿ ಮಾರುಕಟ್ಟೆ ದರ 3.36, ವ್ಯತ್ಯಾಸ 34 ಸೆಂಟ್. ದಾಖಲೆ ಎಕರೆ 100 ಇದ್ದರೆ ಹಣ 85ಕ್ಕೆ ಮಾತ್ರ. ದಾಖಲೆಯ ಇಳುವರಿ ಎಕರೆಗೆ 120 ಬುಶೆಲ್ ಎಂದಿಟ್ಟುಕೊಂಡರೆ 0.34 × 120 × 85 = 3,468 ಡಾಲರ್; ಬಜೆಟ್ ಕಡಿತವನ್ನು ಇದರಿಂದ ಕಳೆಯಬೇಕು. ರೈತ ತನ್ನ ಕಾಳನ್ನು ಎಷ್ಟಕ್ಕೆ ಮಾರಿದ ಎಂಬುದು ಎಲ್ಲಿಯೂ ಬರಲಿಲ್ಲ. ಬುಶೆಲ್ ಕೂಡ ಮೋಸದ ಪದ: ಮೆಕ್ಕೆಜೋಳದ್ದು 25.4 ಕಿಲೋ, ಗೋಧಿಯದ್ದು 27.2. ಕ್ವಿಂಟಲ್‌ಗೆ ಇಳಿಸುವಾಗ ಎಡವುವುದು ಇಲ್ಲೇ.

ಆ 3.70ಕ್ಕೆ ಸರ್ಕಾರ ಒಂದು ಕಾಳನ್ನೂ ಕೊಳ್ಳಲಿಲ್ಲ. ಖರೀದಿ ಕೇಂದ್ರವಿಲ್ಲದ ‘ಬೆಂಬಲ ಬೆಲೆ’ ಕನ್ನಡ ಓದುಗರ ದಾರಿ ತಪ್ಪಿಸುತ್ತದೆ. ‘ಆಧಾರ ದರ’ ಸಾಕು. ಬೆಂಬಲ ಬೆಲೆಯ ನೆಂಟಸ್ತಿಕೆ ಇರುವುದು ಅಲ್ಲಿನ ‘ಲೋನ್ ರೇಟ್’ಗೆ: ಕಾಳು ಅಡಮಾನವಿಟ್ಟು ಸಾಲ ಪಡೆದು, ದರ ಏಳದಿದ್ದರೆ ಕಾಳನ್ನೇ ಬಿಟ್ಟುಕೊಡಬಹುದು. 2016ರಲ್ಲಿ ಅದು ಮೆಕ್ಕೆಜೋಳದ ಬುಶೆಲ್‌ಗೆ 1.95 ಡಾಲರ್.

ಮತ್ತೊಂದು ಉತ್ತರ: ಮೇಲಿನದು ಬರೀ ದರದ ಯೋಜನೆ. 2014ರ ಕೃಷಿ ಕಾಯ್ದೆಯಲ್ಲಿ ಆದಾಯದ ಯೋಜನೆಯೂ ಇತ್ತು. ಅಲ್ಲಿ ಹೆಚ್ಚಾಗಿ ಇಡೀ ಕೌಂಟಿಯ ಸರಾಸರಿ ಆದಾಯವೇ ಅಳತೆ. ನಮ್ಮ ಬೆಳೆ ವಿಮೆಯಲ್ಲಿ ಹೋಬಳಿ, ಪಂಚಾಯ್ತಿ ಸರಾಸರಿ ಹೇಗೋ ಹಾಗೆ. ನಿಮ್ಮ ಹೊಲ ಒಣಗಿದರೂ ಕೌಂಟಿಯ ಸರಾಸರಿ ಚೆನ್ನಾಗಿದ್ದರೆ ಹಣವಿಲ್ಲ, ಗಡಿಯಾಚೆಯವರಿಗೆ ಬಂದೀತು. ಅಯೋವಾದಲ್ಲಿ 99 ಕೌಂಟಿಗಳಿವೆ, ಗಾತ್ರದಲ್ಲಿ ನಮ್ಮ ತಾಲ್ಲೂಕಿನ ಸಮೀಪ. ‘ಜಿಲ್ಲೆ’ ಬೇಡ, ‘ಕೌಂಟಿ’ ಎಂದೇ ಉಳಿಸಿ.

ಇಸವಿಯನ್ನೂ ನೋಡಿ. 2016ರ ಬೆಳೆಯ ಹಣ ಬಂದದ್ದು 2017ರ ಅಕ್ಟೋಬರ್ ನಂತರ. ಮೂಲದಲ್ಲಿರುವುದು ಬೆಳೆಯ ವರ್ಷವೋ ಪಾವತಿಯ ವರ್ಷವೋ ಖಚಿತಪಡಿಸಿಕೊಳ್ಳಿ. ‘ರೈತರಿಗೆ’ ಎಂಬಲ್ಲೂ ಎಚ್ಚರ: ನಗದು ಗೇಣಿಯಾದರೆ ಹಣ ಉಳುವವನಿಗೆ, ಪಾಲಿಗೆ ಕೊಟ್ಟ ನೆಲವಾದರೆ ಭೂಮಾಲೀಕನಿಗೂ ಪಾಲು. ‘ಫಲಾನುಭವಿ’ ಎಂದರೆ ಇಬ್ಬರೂ ಸೇರುತ್ತಾರೆ.