ಕ್ಲಾಕ್ ‘ಬಿಡು’ ಅಂದರೆ ಓಡಿಸುವುದೋ, ನಿಲ್ಲಿಸುವುದೋ?

ಎಲ್ಲರಿಗೂ ನಮಸ್ಕಾರ.

ಲಿನಕ್ಸ್ ಕರ್ನೆಲ್‌ಗೆ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಡ್ರೈವರ್, ಅಂದರೆ ಒಂದೊಂದು ಡಿವೈಸನ್ನು ನಡೆಸುವ ಪ್ರೋಗ್ರಾಂ, ಬರೆಯುವುದನ್ನು ಹೊಸಬರಿಗೆ ಹೇಳಿಕೊಡಲು ಕನ್ನಡದಲ್ಲಿ ಒಂದಿಷ್ಟು ಟಿಪ್ಪಣಿ ಬರೆಯುತ್ತಿದ್ದೇನೆ. ಹೆಸರುಪದಗಳ ಬಗ್ಗೆ ನನಗೆ ತಕರಾರಿಲ್ಲ. ಕ್ಲಾಕ್, ರಿಜಿಸ್ಟರ್, ಡ್ರೈವರ್ ಎಲ್ಲ ಹಾಗೇ ಇರಲಿ. ಬಸ್ಸು, ಟಿಕೆಟ್ಟು ಇಲ್ವಾ? ಕಷ್ಟ ಇರುವುದು ಕ್ರಿಯಾಪದಗಳಲ್ಲಿ. ಅದರಲ್ಲೂ ‘ಬಿಡು’ ಅನ್ನುವ ಒಂದು ಪದ ನನ್ನನ್ನು ಸರಿಯಾಗಿ ಆಟ ಆಡಿಸಿದೆ.

ಮೊದಲು ವಿಷಯ. ಇಲ್ಲಿ ಕ್ಲಾಕ್ ಅಂದರೆ ಹೊತ್ತು ತೋರಿಸುವುದಲ್ಲ, ಚಿಪ್‌ನೊಳಗೆ ಸೆಕೆಂಡಿಗೆ ಲಕ್ಷಗಟ್ಟಲೆ, ಕೋಟಿಗಟ್ಟಲೆ ಸಲ ಏರಿಳಿಯುವ ಮಿಡಿತ. ‘ಗಡಿಯಾರ’ ಅಂತ ಬರೆದರೆ ಓದಿದವರು ಟೈಮ್ ತಪ್ಪಿತು ಅಂದುಕೊಳ್ಳುತ್ತಾರೆ. ಅದಕ್ಕೇ ಕ್ಲಾಕ್ ಅಂತಲೇ ಉಳಿಸಿಕೊಂಡೆ. ಬೋರ್ಡಿನ ಮೇಲೆ 24 ಮೆಗಾಹರ್ಟ್ಸ್‌ನ ಒಂದು ಹರಳು ಇದೆ ಅನ್ನಿ. ಪಿಎಲ್‌ಎಲ್ ಅನ್ನುವ ಸರ್ಕ್ಯೂಟು ಆ ಮಿಡಿತದ ವೇಗ ಹೆಚ್ಚಿಸುತ್ತದೆ. ಆಮೇಲೆ ಅದನ್ನು ಭಾಗ ಮಾಡಿ ಡಿಸ್‌ಪ್ಲೇಗೆ ಒಂದು, ಸೀರಿಯಲ್ ಪೋರ್ಟಿಗೆ ಒಂದು, ಹೀಗೆ ಹಂಚುತ್ತಾರೆ. ದೊಡ್ಡ ನಾಲೆ, ಸೀಳು ನಾಲೆ, ಹೊಲಗಾಲುವೆ ಇದ್ದ ಹಾಗೆ. ಕವಲುಗಳಲ್ಲಿ ಗೇಟು ಇರುತ್ತದೆ. ಇದಕ್ಕೆ ‘ತೂಬು’ ಅಂತ ಬರೆದಿದ್ದೇನೆ. ಕೆರೆ ಕಂಡವರಿಗೆ ಬೇರೆ ವಿವರಣೆಯೇ ಬೇಡ.

ಕ್ಲಾಕ್ ನಿಲ್ಲಿಸುವುದು ಬೇರೆ, ಕರೆಂಟ್ ತೆಗೆಯುವುದು ಬೇರೆ. ಮಿಡಿತ ನಿಂತರೆ ಏರಿಳಿತಕ್ಕೆ ಖರ್ಚಾಗುವ ವಿದ್ಯುತ್ ಉಳಿಯುತ್ತದೆ. ಸುಮ್ಮನಿದ್ದಾಗಲೂ ಆಗುವ ವಿದ್ಯುತ್ ಸೋರಿಕೆ ಮಾತ್ರ ನಡೆದೇ ಇರುತ್ತದೆ. ರಿಜಿಸ್ಟರುಗಳಲ್ಲಿ (ಚಿಪ್‌ನೊಳಗೆ ಸೆಟ್ಟಿಂಗ್ ಬರೆದಿಡುವ ಪುಟ್ಟ ಜಾಗಗಳು) ಬರೆದದ್ದು ಹಾಗೇ ಇರುತ್ತದೆ. ಕರೆಂಟನ್ನೇ ತೆಗೆದರೆ ಸೋರಿಕೆಯೂ ನಿಲ್ಲುತ್ತದೆ, ಆದರೆ ರಿಜಿಸ್ಟರುಗಳು ಎಲ್ಲ ಮರೆಯುತ್ತವೆ. ಎದ್ದ ಮೇಲೆ ಡ್ರೈವರ್ ಮತ್ತೆ ಬರೆದು ಕೊಡಬೇಕು. ಎರಡಕ್ಕೂ ‘ಆಫ್ ಮಾಡು’ ಅಂದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ನಮ್ಮ ಆಡುಮಾತಿನಲ್ಲಿ ಪದಗಳು ರೆಡಿ ಇವೆ: ಕರೆಂಟ್ ಕೊಡುತ್ತಾರೆ, ತೆಗೆಯುತ್ತಾರೆ. ನೀರು ಬಿಡುತ್ತಾರೆ, ನಿಲ್ಲಿಸುತ್ತಾರೆ. ಕ್ಲಾಕ್ ಹರಿಯುವ ವಸ್ತು ಆದ್ದರಿಂದ ಅದಕ್ಕೆ ನೀರಿನ ಮಾತು ಸರಿ ಹೊಂದುತ್ತದೆ ಅನ್ನಿಸಿತು. ಕ್ಲಾಕ್ ಬಿಡು, ಕ್ಲಾಕ್ ನಿಲ್ಲಿಸು. (ನಿಲ್ಲಿಸುವುದಕ್ಕೆ ‘ಕಟ್ಟು’ ಅಂತ ಬರೆಯೋಣ ಅಂದುಕೊಂಡಿದ್ದೆ. ಆದರೆ ತೋಟಕ್ಕೆ ನೀರು ಕಟ್ಟುವುದು ಅಂದರೆ ನೀರು ಹಾಯಿಸುವುದು. ಪೂರ್ತಿ ಉಲ್ಟಾ!)

ಈಗ ಎಡವಟ್ಟು. ಕಿರಿಯ ಸಹೋದ್ಯೋಗಿಯೊಬ್ಬರಿಗೆ ಸಂಜೆ ಮೆಸೇಜ್ ಹಾಕಿದ್ದೆ: “ಟ್ರಾನ್ಸ್‌ಫರ್ ಮುಗಿದ ಮೇಲೆ ಕ್ಲಾಕ್ ಬಿಟ್ಟುಬಿಡಿ.” ನನ್ನ ಮನಸ್ಸಿನಲ್ಲಿ ಇದ್ದದ್ದು ‘ಹಿಡಿದದ್ದನ್ನು ಬಿಡಿ’, ಅಂದರೆ ನಿಲ್ಲಲಿ ಅಂತ. ಅವರು ಓದಿಕೊಂಡದ್ದು ‘ಅದರ ಪಾಡಿಗೆ ಅದನ್ನು ಬಿಡಿ’ ಅಂತ. ನಿಲ್ಲಿಸುವ ಸಾಲನ್ನು ತೆಗೆದೇಬಿಟ್ಟರು. ಬೆಳಗ್ಗೆ ಬಂದು ಡೀಬಗ್ ಫೋಲ್ಡರಿನಲ್ಲಿ ಕ್ಲಾಕ್ ಸಮ್ಮರಿ ಫೈಲು ತೆಗೆದು ನೋಡಿದರೆ, ಆ ಕ್ಲಾಕಿನ ಎದುರು ಎಣಿಕೆ 1 ಅಂತ ಕೂತಿದೆ, ಅಂದರೆ ಯಾರೋ ಒಬ್ಬರಿಗೆ ಅದು ಇನ್ನೂ ಬೇಕಾಗಿದೆ ಅಂತ ಲೆಕ್ಕ. ಅದರ ಪೋಷಕ ಕ್ಲಾಕಿಗೂ 1, ಅದರ ಮೇಲಿನದಕ್ಕೂ 1. ಒಂದು ಹೊಲಗಾಲುವೆಗೋಸ್ಕರ ಇಡೀ ನಾಲೆ ರಾತ್ರಿಯೆಲ್ಲ ಹರಿದಿದೆ. ಅವರ ಮೇಲೆ ರೇಗಲು ಬಾಯಿ ತೆರೆದವನು ನನ್ನ ಮೆಸೇಜ್ ಇನ್ನೊಮ್ಮೆ ಓದಿ ಸುಮ್ಮನಾದೆ. ಅವರು ಓದಿದ್ದೂ ಕನ್ನಡವೇ ತಾನೇ.

ಇಂಥದೇ ಎಣಿಕೆ ಡಿವೈಸಿಗೂ ಇದೆ, ಅದೇ ಇಲ್ಲಿ ಮುಖ್ಯ. 2009ರ ಕೊನೆಯಲ್ಲಿ ಬಂದ 2.6.32ನೇ ಕರ್ನೆಲ್‌ನಿಂದ ರನ್‌ಟೈಮ್ ಪಿಎಂ (ಪವರ್ ಮ್ಯಾನೇಜ್‌ಮೆಂಟ್) ಅನ್ನುವ ವ್ಯವಸ್ಥೆ ಇದೆ. ಇಡೀ ಯಂತ್ರ ಎಚ್ಚರ ಇರುವಾಗಲೇ, ಕೆಲಸ ಇಲ್ಲದ ಒಂದೊಂದೇ ಡಿವೈಸನ್ನು ಮಲಗಿಸುತ್ತದೆ. ಡ್ರೈವರ್ ಕೆಲಸಕ್ಕೆ ಮುಂಚೆ ‘ಗೆಟ್’ ಅನ್ನುತ್ತದೆ, ಎಣಿಕೆ ಒಂದು ಏರುತ್ತದೆ. ಮುಗಿದ ಮೇಲೆ ‘ಪುಟ್’ ಅನ್ನುತ್ತದೆ, ಒಂದು ಇಳಿಯುತ್ತದೆ. ಸೊನ್ನೆಗೆ ಬಂದರೆ ಡಿವೈಸ್ ಮಲಗಬಹುದು. ಇದಕ್ಕೆ ನಾನು ಮೊದಲು ಬರೆದದ್ದು ‘ಹಿಡಿ’ ಮತ್ತು ‘ಬಿಡು’. ಹೀಗಾಗಿ ಒಂದೇ ಪುಟದಲ್ಲಿ ‘ಕ್ಲಾಕ್ ಬಿಡು’ ಅಂದರೆ ಓಡಿಸು, ‘ಡಿವೈಸ್ ಬಿಡು’ ಅಂದರೆ ಮಲಗಲಿ! ಕಲಿಯುವವರು ಏನು ಮಾಡಬೇಕು?

ಈಗ ಬರೆದು ನೋಡುತ್ತಿರುವುದು ‘ಬೇಕು’ ಮತ್ತು ‘ಸಾಕು’. ಊಟದ ಪಂಕ್ತಿಯ ಮಾತು. ಎಷ್ಟು ಜನ ‘ಬೇಕು’ ಅಂದಿದ್ದಾರೋ ಅಷ್ಟೇ ಜನ ‘ಸಾಕು’ ಅನ್ನುವ ತನಕ ಬಡಿಸುವವನು ಕೂರುವ ಹಾಗಿಲ್ಲ. ಇದರಲ್ಲಿ ನನಗೆ ತುಂಬ ಇಷ್ಟವಾದದ್ದು ಇನ್ನೊಂದಿದೆ. ಡಿವೈಸನ್ನು ಎಬ್ಬಿಸುವ ‘ಗೆಟ್ ಸಿಂಕ್’ ಅನ್ನುವ ಹಳೆಯ ಕರೆಗೆ (ಫಂಕ್ಷನ್‌ಗೆ) ಒಂದು ಕೆಟ್ಟ ಗುಣ ಇದೆ. ಡಿವೈಸ್ ಏಳದೇ ಎರರ್ ಬಂದರೂ ಎಣಿಕೆ ಮಾತ್ರ ಏರಿಯೇ ಇರುತ್ತದೆ. ಎರರ್ ಬಂತಲ್ಲ ಅಂತ ಹಾಗೇ ಹೊರಟರೆ ಎಣಿಕೆ ಮತ್ತೆ ಸೊನ್ನೆ ಮುಟ್ಟುವುದಿಲ್ಲ. ಎಷ್ಟೋ ಡ್ರೈವರುಗಳಲ್ಲಿ ಈ ತಪ್ಪು ಇತ್ತು. ‘ಹಿಡಿ’ ಅಂತ ಬರೆದಾಗ ಇದನ್ನು ವಿವರಿಸಲು ಒಂದು ಪ್ಯಾರಾ ಬೇಕಾಯಿತು, ಸಿಗದೇ ಇದ್ದದ್ದನ್ನು ಹಿಡಿದದ್ದು ಹೇಗೆ ಅಂತ. ‘ಬೇಕು’ ಅಂದರೆ ತಾನಾಗಿ ಅರ್ಥವಾಗುತ್ತದೆ. ನೀನು ಬೇಕು ಅಂದದ್ದು ಲೆಕ್ಕಕ್ಕೆ ಸೇರಿತು, ಎಲೆಗೆ ಬಿತ್ತೋ ಇಲ್ಲವೋ ಬೇರೆ ಮಾತು, ಸಾಕು ಅನ್ನಲೇಬೇಕು. 5.10ನೇ ಕರ್ನೆಲ್‌ನಲ್ಲಿ ಇದಕ್ಕೆ ಬೇರೆ ಕರೆ ಬಂತು. ಡಿವೈಸ್ ಏಳದಿದ್ದರೆ ‘ಬೇಕು’ ಅನ್ನುವುದನ್ನು ಅದೇ ವಾಪಸ್ ತೆಗೆದುಕೊಳ್ಳುತ್ತದೆ. ‘ಆಟೋಸಸ್ಪೆಂಡ್’ ಕೂಡ ಇದರೊಳಗೇ ಕೂರುತ್ತದೆ: ಸಾಕು ಅಂದ ತಕ್ಷಣ ಎಲೆ ಎತ್ತಬೇಡ, ಸ್ವಲ್ಪ ತಡಿ. ಯುಎಸ್‌ಬಿಯಲ್ಲಿ ಹೀಗೆ ಕಾಯುವ ಹೊತ್ತು ಸಾಮಾನ್ಯವಾಗಿ 2 ಸೆಕೆಂಡ್.

ಒಂದು ತೊಡಕು ಇದೆ. ‘ಬೇಕು’, ‘ಸಾಕು’ ಉಳಿದ ಕ್ರಿಯಾಪದಗಳ ಹಾಗೆ ಬಗ್ಗುವುದಿಲ್ಲ. ಬೇಕೆನ್ನು, ಸಾಕೆನ್ನು ಅಂತ ಬರೆದರೆ ಸ್ವಲ್ಪ ಪದ್ಯದ ವಾಸನೆ ಬರುತ್ತದೆ. ‘ಸಾಕಿದ’ ಅಂತ ಬರೆದರಂತೂ ಡಿವೈಸ್ ಹೋಗಿ ನಾಯಿ ಆಗುತ್ತದೆ.

ಕ್ಲಾಕಿನ ಕಡೆಯೂ ಗೆಟ್, ಪುಟ್ ಇವೆ. ಆದರೆ ಅಲ್ಲಿ ಗೆಟ್ ಅಂದರೆ ಕ್ಲಾಕಿನ ಹಿಡಿಕೆ ಕೈಗೆ ಬಂತು ಅಷ್ಟೇ, ಮಿಡಿತ ಶುರುವಾಗಲಿಲ್ಲ. ಇದಕ್ಕೆ ‘ಇಸಿದುಕೊಳ್ಳು’, ‘ವಾಪಸ್ ಕೊಡು’ ಅಂತ ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಒಂದೇ ಜೋಡಿ ಇದೆ ಅಂತ ನಾವೂ ಒಂದೇ ಜೋಡಿಗೆ ಅಂಟಿಕೊಳ್ಳಬೇಕಿಲ್ಲ ಅಲ್ವಾ?

‘ಸಸ್ಪೆಂಡ್’ಗೆ ಪೇಪರಿನಲ್ಲಿ ಬರುವ ಪದ ‘ಅಮಾನತು’. ಡಿವೈಸ್ ಲಂಚ ತಿಂದಿಲ್ಲ, ಹಾಗಾಗಿ ‘ಮಲಗು’ ಅಂತ ಬರೆದೆ. ನಾಲ್ಕು ಸ್ಥಿತಿಗಳೂ ಸಲೀಸಾಗಿ ಬಂದವು: ಎದ್ದಿದೆ, ಏಳುತ್ತಿದೆ, ಮಲಗಿದೆ, ಮಲಗುತ್ತಿದೆ. ಇಡೀ ಯಂತ್ರ ಮಲಗುವುದಕ್ಕೆ ನಿದ್ದೆ ಅಂತಲೂ, ಒಂದು ಡಿವೈಸ್ ಮಾತ್ರ ಮಲಗುವುದಕ್ಕೆ ‘ಕೋಳಿನಿದ್ದೆ’ ಅಂತಲೂ ಬೇರೆ ಮಾಡಿದ್ದೇನೆ. ಕೋಳಿನಿದ್ದೆ ತೀರಾ ತಮಾಷೆ ಅನ್ನಿಸುತ್ತದೆ ಅಂತ ಒಬ್ಬರು ಹೇಳಿದರು. ನನಗೆ ಹಾಗನ್ನಿಸಲಿಲ್ಲ.

ಕೊನೆಯ ಜೋಡಿಗೆ ಮಾತ್ರ ಪದ ಸಿಕ್ಕಿಲ್ಲ. ಕ್ಲಾಕ್ ಓಡಿಸುವುದರಲ್ಲಿ ಎರಡು ಹೆಜ್ಜೆ: ‘ಪ್ರಿಪೇರ್’ ಮತ್ತು ‘ಎನೇಬಲ್’. ಪಿಎಲ್‌ಎಲ್ ಸ್ಥಿರವಾಗಲು ಹೊತ್ತು ಹಿಡಿಯುತ್ತದೆ. ಆ ಕಾಯುವ ಕೆಲಸವೆಲ್ಲ ಪ್ರಿಪೇರ್‌ನದ್ದು. ಎನೇಬಲ್ ಅಂದರೆ ತೂಬು ಎತ್ತಿದ ಹಾಗೆ, ತಕ್ಷಣ ಆಗಬೇಕು, ಮಧ್ಯೆ ಕಾಯುವಂತಿಲ್ಲ. ಅದನ್ನು ಇಂಟರಪ್ಟ್ ಹ್ಯಾಂಡ್ಲರಿನಿಂದಲೂ (ಡಿವೈಸ್ ಕರೆದಾಗ ನಡೆಯುತ್ತಿರುವ ಕೆಲಸ ತಡೆದು ಓಡುವ, ಮಧ್ಯೆ ಕಾಯಲಾಗದ ಕೋಡು) ಕರೆಯಬಹುದು, ಪ್ರಿಪೇರನ್ನು ಅಲ್ಲಿಂದ ಕರೆಯುವ ಹಾಗಿಲ್ಲ. ಅಣೆಕಟ್ಟಿನಿಂದ ನಾಲೆಗೆ ನೀರು ಬಿಟ್ಟರೆ ಕೊನೆಯ ಹಳ್ಳಿಗೆ ಅದೇ ದಿನ ಬರುವುದಿಲ್ಲ. ನಾಲೆ ತುಂಬಿದ ಮೇಲೆ ನಿಮ್ಮ ಹೊಲದ ಮಡೆ ಬಿಚ್ಚುವುದು ಒಂದು ಕ್ಷಣದ ಕೆಲಸ. ‘ಎನೇಬಲ್’ಗೆ ‘ಬಿಡು’ ಇದೆ. ಆ ಮೊದಲನೆಯ ಹೆಜ್ಜೆಗೆ ‘ಅಣಿ ಮಾಡು’ ಅಂತ ಬರೆದೆ, ಆದರೆ ಅದರಲ್ಲಿ ಕಾಯುವುದು ಕಾಣುತ್ತಿಲ್ಲ.

ನಾಲೆಗೆ ಮೊದಲ ನೀರು ಬಂದು ತುಂಬಿಕೊಳ್ಳುವ ಆ ಹೊತ್ತಿಗೆ ನಿಮ್ಮ ಕಡೆ ಒಂದು ಮಾತು ಇದ್ದೇ ಇರಬೇಕು. ತುಂಗಭದ್ರಾ ಕಡೆಯವರು, ಮಂಡ್ಯ ಕಡೆಯವರು ಏನನ್ನುತ್ತೀರಿ?