ಸಹಾಯ ಬೇಕು: ಶಿರಸಿಯಿಂದ ವಿಯೆಟ್ನಾಂ, ತಲೆಗೆ 60 ಸಾವಿರ ಸಾಕಾ?

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊಯ್ಲು ಮುಗಿಸಿ ಮಾರ್ಚ್‌ನಲ್ಲಿ ನಾನು, ನನ್ನ ದೋಸ್ತ ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಎರಡು ವಾರ ವಿಯೆಟ್ನಾಂ ಸುತ್ತೋಣ ಅಂತಿದ್ದೇವೆ. ವಿಮಾನದ ಟಿಕೆಟ್ ಸೇರಿ ತಲೆಗೆ 60 ಸಾವಿರ, ಅದಕ್ಕಿಂತ ಜಾಸ್ತಿ ಆಗಲ್ಲ. ಇ-ವೀಸಾಕ್ಕೆ 25 ಡಾಲರ್ ತೆಗೆದಿಟ್ಟಿದ್ದೇವೆ. ಮಲಗಲು ಹಾಸ್ಟೆಲ್‌ನ ಡಾರ್ಮ್ (ಹಲವರು ಒಟ್ಟಿಗೆ ಮಲಗೋ ಕೋಣೆ) ಸಾಕು, ಸುಮ್ನೆ ರೂಮಿಗೆ ಯಾಕೆ ದುಡ್ಡು ಸುರಿಯೋದು ಅಲ್ವಾ?

ತಲೆಬಿಸಿ ಇರೋದು ಓಡಾಟದ ಖರ್ಚಿನದು. ಹನೋಯಿಯಿಂದ ಹೋ ಚಿ ಮಿನ್ ಸಿಟಿಗೆ ರೈಲು ದಾರಿಯೇ 1,726 ಕಿಲೋಮೀಟರ್. ನಡುವೆ ಹುಯೆಯಲ್ಲಿ ಇಳಿದು, ಆಮೇಲೆ ದಾ ನಾಂಗ್‌ನಲ್ಲಿ ಇಳಿದು ಹತ್ತಿರದ ಹಳೇ ಪಟ್ಟಣ ಹೋಯ್ ಆನ್‌ಗೂ ಹೋಗಬೇಕು. ರಾತ್ರಿ ಪ್ರಯಾಣ ಮಾಡಿದರೆ ಆ ದಿನದ ಬಾಡಿಗೆ ಉಳಿಯುತ್ತದೆ, ಆದರೆ ರೈಲು ಒಳ್ಳೆಯದಾ, ಸ್ಲೀಪರ್ ಬಸ್ಸಾ? ಆರಡಿ ಮನುಷ್ಯ ಕಾಲು ಚಾಚಬಹುದಾ?

ಇನ್ನೊಂದು, ನಾವಿಬ್ಬರೂ ಸಸ್ಯಾಹಾರಿಗಳು. ಅಲ್ಲಿ ಸೊಪ್ಪು ಹುರಿದರೂ ಮೀನಿನ ಸಾಸ್ ಬೀಳುತ್ತದಂತೆ. ‘ಚಾಯ್’ ಅಂತ ಬೋರ್ಡ್ ಇರುವ ಸಸ್ಯಾಹಾರಿ ಹೋಟೆಲ್‌ಗಳಲ್ಲಿ ಉಂಡವರು ದಿನಕ್ಕೆ ಎಷ್ಟಾಯಿತು ಹೇಳಿ. ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಕೊಡಲು ರೆಡಿ, ಆದರೆ ನಾವು ಒಯ್ಯೋದು ಕೈಚೀಲ ಮಾತ್ರ, ಎಣ್ಣೆ-ರಸ ಇರುವ ಡಬ್ಬಿಯನ್ನು ಸೆಕ್ಯುರಿಟಿಯಲ್ಲಿ ತೆಗೆದಿಡುತ್ತಾರೆ. ಚಟ್ನಿಪುಡಿ, ಅವಲಕ್ಕಿ ಒಯ್ದವರು ಇದ್ದೀರಾ?

ದುಡ್ಡು ಡಾಲರ್ ನೋಟಲ್ಲಿ ಒಯ್ಯೋದಾ, ಮೊದಲೇ ವಿದೇಶಿ ಹಣ ತುಂಬಿಸಿಕೊಳ್ಳೋ ಫಾರೆಕ್ಸ್ ಕಾರ್ಡಾ? ಹೋಗಿಬಂದವರು ದಯವಿಟ್ಟು ನಿಮ್ಮ ಲೆಕ್ಕ ಹಾಕಿ, ಟಿಕೆಟ್ ಇನ್ನೂ ಬುಕ್ ಮಾಡಿಲ್ಲ.